ಕಿಸುಮುಗೆ ಬರೋ ಮುಂಚೆ

ಕೀನ್ಯಾದ ಮುಹೊರೊನಿ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ, ಕಿಸುಮುವಿನಲ್ಲಿ ಮನೆ ಮಾಡ್ತೀನಿ, ಊರು ಹೇಗೆ, ರಾಗಿ ಸಿಗುತ್ತಾ ಅಂತ ಕೇಳಿದ್ದೀರಿ. ಮಂಡ್ಯದವರು ಇನ್ನೇನು ಕೇಳ್ತೀರಿ!

ಸಿಗುತ್ತೆ ಸರ್. ರಾಗಿಯ ಮೂಲವೇ ಪೂರ್ವ ಆಫ್ರಿಕಾ. ಇಲ್ಲಿ ಅದಕ್ಕೆ ವಿಂಬಿ ಅಂತಾರೆ. ಪ್ಯಾಕೆಟ್ ಹಿಟ್ಟು ಮಾತ್ರ ನೋಡಿ ತಗೊಳ್ಳಿ. ಗಂಜಿಗೆ ಅಂತ ಜೋಳ, ಮರಗೆಣಸು ಬೆರೆಸಿರ್ತಾರೆ, ಅದರಲ್ಲಿ ಮುದ್ದೆ ನೆಟ್ಟಗೆ ಬರಲ್ಲ. ಕಿಬುಯೆ ಮಾರ್ಕೆಟ್‌ನಲ್ಲಿ ಕಾಳು ಕೊಂಡು, ಕಲ್ಲು ಆರಿಸಿ, ಪೋಶೋ ಮಿಲ್‌ನಲ್ಲಿ, ಅಂದ್ರೆ ಇಲ್ಲಿನ ಹಿಟ್ಟಿನ ಗಿರಣಿಯಲ್ಲಿ, ಬೀಸಿಸಿ. ನಿಮಗಿಂತ ಮುಂಚೆ ಯಾರೋ ಮೆಕ್ಕೆಜೋಳ ಬೀಸಿಸಿರ್ತಾರೆ, ಮೊದಲು ಬೀಳೋ ಹಿಟ್ಟನ್ನ ಬೇರೆ ಹಿಡಿದುಕೊಳ್ಳಿ.

ಕಿಸುಮು ಬಂದರು ಊರು ಅಂದ ತಕ್ಷಣ ಮಂಗಳೂರು ನೆನೆಸಿಕೊಳ್ಳಬೇಡಿ, ಇದು ಸರೋವರದ ಬಂದರು. ಮೊಂಬಾಸಾದಿಂದ ಹೊರಟ ರೈಲು 1901ರಲ್ಲಿ ವಿಕ್ಟೋರಿಯಾ ಸರೋವರ ಮುಟ್ಟಿದ್ದು ಇಲ್ಲೇ, ಆಗಿನ ಹೆಸರು ಪೋರ್ಟ್ ಫ್ಲಾರೆನ್ಸ್. ಇಲ್ಲಿಂದ ಮುಂದೆ ಉಗಾಂಡಾಕ್ಕೆ ಸ್ಟೀಮರ್. ಹಳಿ ಹಾಕೋಕೆ ಪಂಜಾಬಿನಿಂದ ಸಾವಿರಾರು ಕೂಲಿಗಳನ್ನ ಕರೆಸಿದ್ದರು, ಅವರ ಹಿಂದೆಯೇ ಗುಜರಾತಿ ವ್ಯಾಪಾರಿಗಳೂ ಬಂದರು. ಹಾಗಾಗಿ ಬೇಳೆ, ಸಾಸಿವೆ, ಇಂಗು ಹೊತ್ತು ತರಬೇಕಾಗಿಲ್ಲ. ಇವತ್ತು ಹಡಗು ಕಮ್ಮಿ, ಮುಖ್ಯವಾಗಿ ಉಗಾಂಡಾ ಕಡೆಗೆ ಪೆಟ್ರೋಲು, ಡೀಸೆಲ್ ಸಾಗುತ್ತೆ. ಕೆಲವು ತಿಂಗಳು ಇಲ್ಲಿನ ಸರೋವರದ ಕೊಲ್ಲಿಯ ತುಂಬಾ ಅಂತರಗಂಗೆ ಹಬ್ಬಿ ನೀರೇ ಕಾಣಲ್ಲ.

ಸರೋವರ ನೋಡೋಕೆ ದಡದಲ್ಲಿರೋ ಡುಂಗಾಕ್ಕೆ ಹೋಗಿ. ಮೀನು ತಿನ್ನೋರಾದ್ರೆ ಅಲ್ಲಿ ಇಡೀ ಟಿಲಾಪಿಯಾ ಕರಿದು ಉಗಾಲಿ ಜೊತೆ ಕೊಡ್ತಾರೆ. ಉಗಾಲಿ ಅಂದ್ರೆ ಮೆಕ್ಕೆಜೋಳದ ಮುದ್ದೆ, ಕೈಯಲ್ಲೇ ತಿನ್ನೋದು, ಆದರೆ ಅಗಿದು! ಮಕ್ಕಳನ್ನ ನೀರಿಗೆ ಇಳಿಸಬೇಡಿ. ನೀರಾನೆ ಒಂದು ಕಡೆ, ಚರ್ಮದ ಮೂಲಕ ಒಳಹೊಕ್ಕುವ ಬಿಲ್ಹಾರ್ಜಿಯಾ ಹುಳು ಇನ್ನೊಂದು ಕಡೆ.

ಊರು ಬೆಂಗಳೂರಿಗಿಂತ ಎತ್ತರದಲ್ಲಿದೆ, ಆದರೂ ಸೆಕೆ. ಭೂಮಧ್ಯರೇಖೆ ಪಕ್ಕದಲ್ಲೇ ಇದೆ. ಸ್ವೆಟರ್ ಬಿಟ್ಟು ಒಳ್ಳೆ ಸೊಳ್ಳೆಪರದೆ ತನ್ನಿ. ಜ್ವರ ಬಂದರೆ ಅವತ್ತೇ ಮಲೇರಿಯಾ ಪರೀಕ್ಷೆ ಮಾಡಿಸಿ, ಪ್ಯಾರಾಸಿಟಮಾಲ್ ನುಂಗಿ ನಾಳೆ ನೋಡೋಣ ಅನ್ನಬೇಡಿ. ಹಳದಿ ಜ್ವರದ ಲಸಿಕೆಯನ್ನ ಹೊರಡೋಕೆ ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡು ಕಾರ್ಡನ್ನ ಪಾಸ್‌ಪೋರ್ಟ್ ಜೊತೆಗೇ ಇಡಿ. ಅದಿಲ್ಲದೆ ವಾಪಸ್ ಹೋದರೆ ನಮ್ಮ ದೇಶದಲ್ಲೇ ಕ್ವಾರಂಟೈನ್ ಮಾಡ್ತಾರೆ.

ಜನ ಒಳ್ಳೆಯವರು, ಮಾತುಗಾರರು, ರಾಜಕೀಯ ಅಂದ್ರೆ ಪ್ರಾಣ. ಚುನಾವಣೆ ಹೊತ್ತಲ್ಲಿ ಮಾತ್ರ ಹುಷಾರು. 2007ರ ಡಿಸೆಂಬರ್ ಮತದಾನದ ನಂತರ ಇಲ್ಲಿ ಅಂಗಡಿಗಳು ಲೂಟಿಯಾಗಿ ಸುಟ್ಟುಹೋಗಿದ್ದವು. ಈಗ ಐದು ವರ್ಷಕ್ಕೊಮ್ಮೆ ಆಗಸ್ಟ್‌ನಲ್ಲಿ ಚುನಾವಣೆ. ಊರಿಗೆ ಹೋಗೋ ರಜೆಯನ್ನ ಆ ತಿಂಗಳಿಗೇ ಹಾಕಿಕೊಳ್ಳಿ.