ಕಲೆ ತೆಗೆಯುವ, ಕಿಟ್ಟ ತಡೆಯುವ ಟೂತ್‌ಪೇಸ್ಟ್: ಪರೀಕ್ಷೆ ಹೇಗೆ ನಡೆಯುತ್ತದೆ?

ಪ್ರಶ್ನೆ: ನನಗೆ ಊಟದ ನಂತರ ಎಲೆ-ಅಡಿಕೆ ಹಾಕುವ ರೂಢಿಯಿದೆ, ಕಾಫಿಯೂ ಹೆಚ್ಚು. ಹಲ್ಲಿನ ಮೇಲೆ ಕಂದು ಕಲೆಗಳಿವೆ. ಕೆಳಗಿನ ಮುಂಹಲ್ಲುಗಳ ಒಳಬದಿಯಲ್ಲಿ ಗಟ್ಟಿಯಾದ ಕಿಟ್ಟ ಕಟ್ಟಿದೆ. ‘ಕಲೆ ತೆಗೆಯುತ್ತದೆ, ಟಾರ್ಟರ್ (ಅಂದರೆ ಕಿಟ್ಟ) ನಿಯಂತ್ರಿಸುತ್ತದೆ’ ಎಂದು ಬರೆದಿದ್ದ ಪೇಸ್ಟನ್ನು ತಿಂಗಳುಗಟ್ಟಲೆ ಬಳಸಿದೆ. ಕಲೆ ಸ್ವಲ್ಪ ತಿಳಿಯಾಗಿದೆ, ಕಿಟ್ಟ ಮಾತ್ರ ಹಾಗೇ ಇದೆ. ಇವನ್ನೆಲ್ಲ ನಿಜವಾಗಿ ಪರೀಕ್ಷೆ ಮಾಡಿರುತ್ತಾರೆಯೇ?

ಉತ್ತರ: ಪರೀಕ್ಷೆಗಳಿವೆ. ಆದರೆ ಕಲೆಗೆ ಒಂದು, ಕಿಟ್ಟಕ್ಕೆ ಇನ್ನೊಂದು. ನಿಮಗೆ ಕಂಡ ವ್ಯತ್ಯಾಸಕ್ಕೆ ಕಾರಣ ಅಲ್ಲಿಯೇ ಇದೆ.

ಕಲೆಯ ಪರೀಕ್ಷೆ ಹೆಚ್ಚಾಗಿ ಪ್ರಯೋಗಾಲಯದಲ್ಲಿ ನಡೆಯುತ್ತದೆ. ದನದ ಹಲ್ಲಿನ ತುಂಡುಗಳ ಮೇಲೆ ಚಹಾ, ಕಾಫಿ ಬೆರೆಸಿದ ದ್ರಾವಣದಿಂದ ಹಲವು ದಿನಗಳ ಕಾಲ ಕಂದು ಪೊರೆ ಬರಿಸಿ, ಬಳಿಕ ಪೇಸ್ಟ್ ಕದಡಿದ ನೀರಿನಲ್ಲಿ, ಯಂತ್ರಕ್ಕೆ ಜೋಡಿಸಿದ ಬ್ರಷ್‌ನಿಂದ, 150 ಗ್ರಾಂ ಭಾರದಲ್ಲಿ 800 ಸಲ ಉಜ್ಜುತ್ತಾರೆ. ಬಣ್ಣ ಎಷ್ಟು ತಿಳಿಯಾಯಿತೆಂಬುದನ್ನು ಉಪಕರಣವೇ ಅಳೆಯುತ್ತದೆ. ಕ್ಯಾಲ್ಸಿಯಂ ಪೈರೋಫಾಸ್ಫೇಟ್ ಎಂಬ ಉಜ್ಜುಪುಡಿಯ ಫಲಿತಾಂಶಕ್ಕೆ 100 ಅಂಕ ಕೊಟ್ಟು, ಉಳಿದ ಪೇಸ್ಟುಗಳನ್ನು ಅದರೊಂದಿಗೆ ಹೋಲಿಸುತ್ತಾರೆ. ಎಲೆ-ಅಡಿಕೆಯ ಕಲೆಗೆ ಈ ದ್ರಾವಣದಲ್ಲಿ ಜಾಗವಿಲ್ಲ ಎಂಬುದನ್ನು ನಮ್ಮ ಕಡೆಯವರು ಗಮನಿಸಬೇಕು.

ಈ ಅಂಕವೊಂದನ್ನೇ ನಂಬುವಂತಿಲ್ಲ, ಏಕೆಂದರೆ ಒರಟು ಪುಡಿ ಹೆಚ್ಚು ಹಾಕಿದರೂ ಕಲೆ ಹೋಗುತ್ತದೆ, ಜೊತೆಗೆ ಹಲ್ಲೂ ಸವೆಯುತ್ತದೆ. ಆದ್ದರಿಂದ ಸವೆತಕ್ಕೆ ಬೇರೆಯೇ ಅಳತೆಯಿದೆ: ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಒಳಗಿರುವ ಮೃದುವಾದ ಡೆಂಟಿನ್ ಎಷ್ಟು ಸವೆಯಿತೆಂದು ನೋಡುತ್ತಾರೆ, ಅದೇ ಉಜ್ಜುಪುಡಿಯ ಸವೆತಕ್ಕೆ 100 ಅಂಕವೆಂದು ಇಟ್ಟುಕೊಂಡರೆ, ಐಎಸ್ಒ 11609 ಎಂಬ ಅಂತರರಾಷ್ಟ್ರೀಯ ಮಾನದಂಡದಂತೆ ಪೇಸ್ಟಿನದು 250 ಮೀರಬಾರದು. ಈ ಸಂಖ್ಯೆಯನ್ನು ಟ್ಯೂಬಿನ ಮೇಲೆ ಸಾಮಾನ್ಯವಾಗಿ ಮುದ್ರಿಸುವುದಿಲ್ಲ. ಮುದ್ರಿಸಬೇಕೆಂಬುದು ನನ್ನ ಅಭಿಪ್ರಾಯ. ವಸಡು ಇಳಿದು ಬೇರು ಕಾಣುತ್ತಿರುವವರು ‘ವೈಟನಿಂಗ್’ ಪೇಸ್ಟಿನಿಂದ ಗಟ್ಟಿಯಾಗಿ ಉಜ್ಜದಿರುವುದೇ ಲೇಸು.

ಕಿಟ್ಟದ ಪರೀಕ್ಷೆ ಮನುಷ್ಯರ ಬಾಯಿಯಲ್ಲೇ ನಡೆಯಬೇಕು. ಬೇಗ ಕಿಟ್ಟ ಕಟ್ಟುವವರನ್ನು ಆರಿಸಿ, ಮೊದಲು ಎಲ್ಲರ ಹಲ್ಲುಗಳನ್ನೂ ಪೂರ್ತಿ ಸ್ವಚ್ಛಗೊಳಿಸುತ್ತಾರೆ. ಅರ್ಧ ಜನರಿಗೆ ಔಷಧಾಂಶವಿರುವ ಪೇಸ್ಟ್, ಉಳಿದವರಿಗೆ ಸಾದಾ ಪೇಸ್ಟ್. ಯಾರಿಗೆ ಯಾವುದೆಂದು ಅಳೆಯುವ ವೈದ್ಯರಿಗೂ ತಿಳಿಸುವುದಿಲ್ಲ. ಕೆಲವು ತಿಂಗಳ ನಂತರ, ಮಿಲಿಮೀಟರ್ ಗೆರೆಗಳಿರುವ ಸಣ್ಣ ಕಡ್ಡಿಯನ್ನು ಕೆಳಗಿನ ಆರು ಮುಂಹಲ್ಲುಗಳ ನಾಲಿಗೆಯ ಬದಿಗೆ ಮೂರು ದಿಕ್ಕುಗಳಲ್ಲಿ ಹಿಡಿದು ಕಿಟ್ಟದ ಎತ್ತರವನ್ನು ಅಳೆಯುತ್ತಾರೆ. 1965ರಿಂದ ಬಳಕೆಯಲ್ಲಿರುವ ಈ ಕ್ರಮಕ್ಕೆ ವೋಲ್ಪ್-ಮ್ಯಾನ್‌ಹೋಲ್ಡ್ ಸೂಚ್ಯಂಕವೆಂದು ಹೆಸರು. ನಾಲಿಗೆಯಡಿಯ ಲಾಲಾರಸದ ನಾಳಗಳು ಅಲ್ಲೇ ತೆರೆದುಕೊಳ್ಳುವುದರಿಂದ ಕಿಟ್ಟ ಮೊದಲು ಕಟ್ಟುವುದೂ ಅಲ್ಲೇ. ನಿಮಗೂ ಹಾಗೆಯೇ ಆಗಿದೆ.

ಪರೀಕ್ಷೆ ಸ್ವಚ್ಛ ಹಲ್ಲಿನಿಂದ ಆರಂಭವಾಗುವುದರಿಂದ ಅದು ಅಳೆಯುವುದು ಹೊಸ ಕಿಟ್ಟ ಎಷ್ಟು ಕಡಿಮೆಯಾಯಿತೆಂಬುದನ್ನು ಮಾತ್ರ. ಇಂಥ ಪೇಸ್ಟಿನ ಔಷಧಾಂಶಗಳಾದ ಪೈರೋಫಾಸ್ಫೇಟ್ ಅಥವಾ ಸತುವಿನ ಲವಣಗಳು ಹಲ್ಲಿನ ಪಾಚಿಯಲ್ಲಿ ಲಾಲಾರಸದ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಹರಳುಗಟ್ಟುವುದನ್ನು ನಿಧಾನಗೊಳಿಸುತ್ತವೆಯೇ ಹೊರತು, ಈಗಾಗಲೇ ಕಲ್ಲಾಗಿರುವುದನ್ನು ಕರಗಿಸುವುದಿಲ್ಲ. ವಸಡಿನ ಅಡಿಯಲ್ಲಿರುವ ಕಿಟ್ಟಕ್ಕಂತೂ ಅವುಗಳಿಂದ ಪ್ರಯೋಜನವಿಲ್ಲ.

ನೀವು ಮೊದಲು ದಂತವೈದ್ಯರಲ್ಲಿ ಸ್ಕೇಲಿಂಗ್ (ಕಿಟ್ಟ ತೆಗೆಸುವುದು) ಮಾಡಿಸಿ, ಅನಂತರ ಇದೇ ಪೇಸ್ಟನ್ನು ಮುಂದುವರಿಸಬಹುದು. ಆಗಲೂ ಉಳಿಯುವ ಕಲೆಗಳು ಚಿಕ್ಕಂದಿನಿಂದಲೇ ಇದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಕೋಲಾರ, ಪಾವಗಡದಂತಹ ಕಡೆ ಕುಡಿಯುವ ನೀರಿನ ಫ್ಲೋರೈಡ್‌ನಿಂದ ಬರುವ ಕಲೆ ಎನಾಮೆಲ್‌ನಲ್ಲಿಯೇ ಸೇರಿರುವುದರಿಂದ ಯಾವ ಪೇಸ್ಟಿಗೂ ಬಗ್ಗುವುದಿಲ್ಲ.