ಓದುಗರ ಪ್ರಶ್ನೆ, ನಮ್ಮ ಉತ್ತರ: ಅಗ್ಗದ ಕರೆಂಟಿಗೆ ಮುಂಗಡ ಕಟ್ಟಿದವರ ಗತಿ

ಪ್ರಶ್ನೆ: ನನ್ನ ಮಗ ಜರ್ಮನಿಯ ಕಲೋನ್ ನಗರದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ಮನೆಗೆ ಕರೆಂಟು ಯಾರಿಂದ ಕೊಳ್ಳಬೇಕೆಂಬುದನ್ನು ನಾವೇ ಆರಿಸಿಕೊಳ್ಳಬಹುದಂತೆ. ಇಡೀ ವರ್ಷದ ಹಣವನ್ನು ಮೊದಲೇ ಕಟ್ಟಿದರೆ ದೊಡ್ಡ ರಿಯಾಯಿತಿ ಕೊಡುವುದಾಗಿ ಒಂದು ಸಂಸ್ಥೆ ಹೇಳಿದಾಗ, ಮನೆಯ ಮಾಲೀಕರು "ಟೆಲ್ಡಾಫ್ಯಾಕ್ಸ್ ನೆನಪಿರಲಿ" ಎಂದು ಅವನನ್ನು ತಡೆದರಂತೆ. ಏನದು ಟೆಲ್ಡಾಫ್ಯಾಕ್ಸ್?
– ನಿವೃತ್ತ ಶಿಕ್ಷಕಿ, ಟಿಳಕವಾಡಿ, ಬೆಳಗಾವಿ

ಉತ್ತರ: ಮಾಲೀಕರು ನಿಮ್ಮ ಮಗನಿಗೆ ಒಳ್ಳೆಯದನ್ನೇ ಬಯಸಿದ್ದಾರೆ. ಆ ಹೆಸರನ್ನು ಜರ್ಮನಿಯ ಲಕ್ಷಾಂತರ ಮನೆಗಳು ಇನ್ನೂ ಮರೆತಿಲ್ಲ.

ಜರ್ಮನಿಯು 1998ರಲ್ಲಿ ವಿದ್ಯುತ್ ಮಾರುಕಟ್ಟೆಯನ್ನು ಸ್ಪರ್ಧೆಗೆ ತೆರೆಯಿತು. ತಂತಿ, ಕಂಬ, ಟ್ರಾನ್ಸ್‌ಫಾರ್ಮರುಗಳು ಆಯಾ ಪ್ರದೇಶದ ಒಂದೊಂದು ಸಂಸ್ಥೆಯ ಕೈಯಲ್ಲೇ ಉಳಿದವು. ಆದರೆ ಅದೇ ತಂತಿಯ ಮೂಲಕ ಯಾರ ಕರೆಂಟನ್ನು ಕೊಳ್ಳಬೇಕೆಂಬ ಆಯ್ಕೆ ಗ್ರಾಹಕನಿಗೆ ಸಿಕ್ಕಿತು. ಟೆಲ್ಡಾಫ್ಯಾಕ್ಸ್ ಎಂಬುದು ಅಗ್ಗದ ದೂರವಾಣಿ ಕರೆಗಳಿಂದ ಪರಿಚಿತವಾಗಿದ್ದ ಹೆಸರು. ಆ ದೂರವಾಣಿ ವ್ಯವಹಾರ 2001ರಲ್ಲೇ ಒಮ್ಮೆ ದಿವಾಳಿಯಾಗಿತ್ತು. ಅದೇ ಹೆಸರು ಹೊತ್ತ, ಬಾನ್ ನಗರದ ಪಕ್ಕದ ಟ್ರಾಯ್ಸ್‌ಡಾರ್ಫ್ ಎಂಬ ಊರಿನ ಸಂಸ್ಥೆ 2007ರಲ್ಲಿ ಕರೆಂಟು ಮಾರಲು ಹೊರಟಿತು. ತಾನೇ ವಿದ್ಯುತ್ ಉತ್ಪಾದಿಸಿ ಮಾರುವ ಸಂಸ್ಥೆ ಅದಾಗಿರಲಿಲ್ಲ, ಅದಕ್ಕೆ ಸ್ವಂತ ತಂತಿಜಾಲವೂ ಇರಲಿಲ್ಲ. ಸಗಟು ಮಾರುಕಟ್ಟೆಯಲ್ಲಿ ಕೊಂಡು ಮನೆಗಳಿಗೆ ಮಾರುವುದಷ್ಟೇ ಅದರ ವ್ಯಾಪಾರ. ಲೆವರ್‌ಕೂಸನ್ನಿನ ಪ್ರಸಿದ್ಧ ಫುಟ್‌ಬಾಲ್ ತಂಡದ ಅಂಗಿಯ ಮೇಲೆ ಅದರ ಹೆಸರು ಬಂತು, ದೇಶವೇ ಮೆಚ್ಚಿದ ಮಾಜಿ ಆಟಗಾರ ರೂಡಿ ಫೋಲರ್ ಅದರ ಜಾಹೀರಾತಿನಲ್ಲಿ ಕಾಣಿಸಿಕೊಂಡರು. ಬೆಲೆ ಹೋಲಿಸುವ ಜಾಲತಾಣಗಳಲ್ಲಿ ಅದರ ದರ ಪಟ್ಟಿಯ ಮೊದಲಲ್ಲೇ ಇರುತ್ತಿತ್ತು.

ಇಲ್ಲಿ ಒಂದು ಲೆಕ್ಕವನ್ನು ನಿಧಾನವಾಗಿ ನೋಡಬೇಕು. ಜರ್ಮನಿಯ ಮನೆಯೊಂದರ ಕರೆಂಟು ಬಿಲ್ಲಿನಲ್ಲಿ ದೊಡ್ಡ ಪಾಲು ತೆರಿಗೆ, ಸುಂಕ ಮತ್ತು ತಂತಿಜಾಲದ ಬಾಡಿಗೆಗೆ ಹೋಗುತ್ತದೆ. ಅವು ಎಲ್ಲ ಮಾರಾಟಗಾರರಿಗೂ ಒಂದೇ. ಸಗಟು ದರವೂ ಯಾರ ಮುಖ ನೋಡಿಯೂ ಇಳಿಯುವುದಿಲ್ಲ. ಮಾರಾಟಗಾರನು ನಿಜವಾಗಿ ಮಿಗಿಸಬಲ್ಲದ್ದು ಕಚೇರಿಯ ಖರ್ಚು ಮತ್ತು ತನ್ನ ಲಾಭ, ಅಂದರೆ ಬಹಳ ಸಣ್ಣ ತುಣುಕು. ಹಾಗಿರುವಾಗ ಉಳಿದವರಿಗಿಂತ ಬಹಳ ಕಡಿಮೆ ದರಕ್ಕೆ ವರ್ಷಗಟ್ಟಲೆ ಮಾರುವ ಸಂಸ್ಥೆ, ಕೊಂಡ ಬೆಲೆಗಿಂತ ಕಡಿಮೆಗೆ ಮಾರುತ್ತಿದೆಯೇ ಎಂದು ಕೇಳಲೇಬೇಕಾಗುತ್ತದೆ. ಟೆಲ್ಡಾಫ್ಯಾಕ್ಸಿನ ವಿಷಯದಲ್ಲಿ ಉತ್ತರ ಹೌದು ಎಂಬುದೇ ಆಗಿತ್ತು. ಆ ಕೊರತೆಯನ್ನು ತುಂಬಿದ್ದು ಗ್ರಾಹಕರ ಮುಂಗಡ. ಈ ತಿಂಗಳು ಹೊಸದಾಗಿ ಸೇರಿದವರ ವರ್ಷದ ಹಣದಿಂದ, ಕಳೆದ ತಿಂಗಳು ಹಳಬರು ಬಳಸಿದ ಕರೆಂಟಿನ ಬಿಲ್ಲು ತೀರುತ್ತಿತ್ತು; ಹಾಗಾಗಿ ಹೊಸಬರು ನಿಂತ ದಿನವೇ ಸಂಸ್ಥೆಯೂ ನಿಲ್ಲಬೇಕಾಗಿತ್ತು.

ನಮ್ಮ ಕಡೆ ಓಣಿಯ ಹೆಣ್ಣುಮಕ್ಕಳು ನಡೆಸುವ ಭಿಶಿ ಎಂಬ ಚೀಟಿಯಲ್ಲಿ ಯಾರ ಹಣ ಯಾರ ಕೈಯಲ್ಲಿದೆ, ಮುಂದಿನ ಸರದಿ ಯಾರದು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಟೆಲ್ಡಾಫ್ಯಾಕ್ಸಿನ ಗ್ರಾಹಕನಿಗೆ ತಾನು ಒಂದು ಸರದಿಯಲ್ಲಿ ನಿಂತಿದ್ದೇನೆಂಬುದೇ ತಿಳಿದಿರಲಿಲ್ಲ. ಅವನು ಕರೆಂಟು ಕೊಂಡೆನೆಂದು ತಿಳಿದಿದ್ದ. ಕಾನೂನಿನ ಕಣ್ಣಿನಲ್ಲಿ ಅವನು ಯಾವ ಒತ್ತೆಯೂ ಇಲ್ಲದೆ ಸಾಲ ಕೊಟ್ಟವನಾಗಿದ್ದ. ಈ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಅನ್ಯಾಯವೆನಿಸುವುದು ಇದೇ. ಬ್ಯಾಂಕು ಸಾಲ ಕೊಡುವಾಗ ಜಮಾಖರ್ಚಿನ ಪುಸ್ತಕ ಕೇಳುತ್ತದೆ. ಪಿಂಚಣಿಯಲ್ಲಿ ಬದುಕುವ ಮನೆಯವರಿಗೆ ಅದನ್ನು ಕೇಳುವ ಹಕ್ಕೂ ಇರಲಿಲ್ಲ, ಕೇಳಬೇಕೆಂಬ ಸುಳಿವೂ ಇರಲಿಲ್ಲ.

2010ರ ಅಕ್ಟೋಬರಿನಲ್ಲಿ ಹಾಂಡೆಲ್ಸ್‌ಬ್ಲಾಟ್ ಎಂಬ ಆರ್ಥಿಕ ಪತ್ರಿಕೆಯು ಸಂಸ್ಥೆಯ ಒಳಗಿನ ದಾಖಲೆಗಳನ್ನು ಹೊರಗೆಡವಿತು. 2009ರಲ್ಲೇ ಸ್ಥಿತಿ ಕೈಮೀರಿತ್ತೆಂಬುದು ಆಡಳಿತದವರಿಗೆ ಗೊತ್ತಿತ್ತೆಂದು ಅದು ಬರೆಯಿತು. ಆಮೇಲೂ ತಿಂಗಳುಗಟ್ಟಲೆ ಹೊಸ ಗ್ರಾಹಕರಿಂದ ಮುಂಗಡ ಪಡೆಯಲಾಯಿತು. ಬಾಡಿಗೆ ಬಾಕಿ ಉಳಿದಿದ್ದರಿಂದ ತಂತಿಜಾಲದ ಸಂಸ್ಥೆಗಳು ಒಂದೊಂದಾಗಿ ಒಪ್ಪಂದ ಮುರಿದವು. 2011ರ ಜೂನ್‌ನಲ್ಲಿ ದಿವಾಳಿ ಅರ್ಜಿ ಸಲ್ಲಿಕೆಯಾದಾಗ ಹಣ ಬರಬೇಕಾದವರ ಸಂಖ್ಯೆ ಸುಮಾರು 7 ಲಕ್ಷ. ದಿವಾಳಿ ಅರ್ಜಿಯನ್ನು ತಡಮಾಡಿದ ಆರೋಪದ ಮೇಲೆ ಮಾಜಿ ಮುಖ್ಯಸ್ಥರ ವಿಚಾರಣೆ 2014ರಲ್ಲಿ ಬಾನ್ ನ್ಯಾಯಾಲಯದಲ್ಲಿ ಶುರುವಾಯಿತು. ಫುಟ್‌ಬಾಲ್ ತಂಡಕ್ಕೆ ಸಂದಾಯವಾಗಿದ್ದ ಪ್ರಾಯೋಜಕತ್ವದ ಹಣವನ್ನೂ ದಿವಾಳಿ ಆಡಳಿತಾಧಿಕಾರಿ ಮರಳಿ ಕೇಳಿದರು. ಕಲೋನಿನ ನ್ಯಾಯಾಲಯ 2013ರಲ್ಲಿ ಅವರ ಪರವಾಗಿ ತೀರ್ಪು ಕೊಟ್ಟಿತು.

ನಿಮ್ಮ ಮಗನಿಗೆ ಹೇಳಿ: ಸಂಸ್ಥೆ ಯಾವುದೇ ಇರಲಿ, ತಿಂಗಳ ಕಂತಿನ ದರವನ್ನೇ ಆರಿಸಿಕೊಳ್ಳಲಿ. ಕಂತು ಬ್ಯಾಂಕ್ ಖಾತೆಯಿಂದ ತಾನಾಗಿ ಕಡಿತವಾಗುವಂತೆ ಮಾಡಿಕೊಂಡರೆ ಇನ್ನೊಂದು ರಕ್ಷಣೆ ಸಿಗುತ್ತದೆ. ಯೂರೋಪಿನ ನಿಯಮದಂತೆ ಅಂಥ ಕಡಿತವನ್ನು 8 ವಾರಗಳೊಳಗೆ ಕಾರಣ ಹೇಳದೆಯೇ ವಾಪಸು ಪಡೆಯಬಹುದು.

ಪ್ರಶ್ನೆ: ಮಾರುವ ಸಂಸ್ಥೆ ಮುಳುಗಿದರೆ ಮನೆಯ ದೀಪವೂ ಆರುತ್ತದೆಯೇ? ನಮ್ಮಲ್ಲಿ ಒಂದು ತಾಸು ಕರೆಂಟು ಹೋದರೆ ಮಗ್ಗದ ಕೂಲಿ ಹೋಗುತ್ತದೆ, ಅದಕ್ಕಾಗಿ ಕೇಳುತ್ತಿದ್ದೇನೆ.
– ವಿದ್ಯುತ್ ಮಗ್ಗದ ಮಾಲೀಕರು, ರಬಕವಿ-ಬನಹಟ್ಟಿ

ಉತ್ತರ: ಆರುವುದಿಲ್ಲ. ಕರೆಂಟು ಬರುವುದು ತಂತಿಜಾಲದಿಂದ, ಮುಳುಗುವುದು ಬಿಲ್ಲು ಕಳಿಸುವ ಸಂಸ್ಥೆ. ಜರ್ಮನಿಯ ಕಾನೂನಿನ ಪ್ರಕಾರ ಅಂಥ ಮನೆಗಳಿಗೆ ಆ ಊರಿನ ಮೂಲ ಪೂರೈಕೆದಾರ ಸಂಸ್ಥೆ ಕೂಡಲೇ ಕರೆಂಟು ಒದಗಿಸಬೇಕು. ಈ ತಾತ್ಕಾಲಿಕ ಏರ್ಪಾಡು 3 ತಿಂಗಳವರೆಗೆ ಇರುತ್ತದೆ, ಅಷ್ಟರಲ್ಲಿ ಗ್ರಾಹಕ ಹೊಸ ಒಪ್ಪಂದ ಮಾಡಿಕೊಳ್ಳಬಹುದು. ಆದರೆ ಪೆಟ್ಟು ಬೀಳುವುದು ಜೇಬಿಗೆ. ಟೆಲ್ಡಾಫ್ಯಾಕ್ಸಿಗೆ ವರ್ಷದ ಹಣ ಕಟ್ಟಿದವರು ಅದೇ ತಿಂಗಳುಗಳ ಕರೆಂಟಿಗೆ ಎರಡನೆಯ ಬಾರಿ, ಅದೂ ಹೆಚ್ಚಿನ ದರದಲ್ಲಿ ಹಣ ಕೊಡಬೇಕಾಯಿತು. ಮೊದಲು ಕಟ್ಟಿದ ಹಣಕ್ಕಾಗಿ ಹಣ ಬರಬೇಕಾದವರ ಪಟ್ಟಿಯಲ್ಲಿ ಹೆಸರು ಬರೆಸಿ ವರ್ಷಗಟ್ಟಲೆ ಕಾದರೂ ಬಹುಪಾಲು ಮರಳಲಿಲ್ಲ.

ಪ್ರಶ್ನೆ: ಇಷ್ಟು ದೊಡ್ಡ ಪ್ರಕರಣದ ನಂತರವಾದರೂ ಕಾನೂನು ಎಚ್ಚೆತ್ತುಕೊಂಡಿತೇ? ಬೇರೆ ದೇಶಗಳಲ್ಲಿ ಹೇಗಿದೆ?
– ಕಾನೂನು ವಿದ್ಯಾರ್ಥಿ, ವಿಜಯಪುರ

ಉತ್ತರ: ಎರಡೇ ವರ್ಷಗಳಲ್ಲಿ ಅದೇ ದೇಶದಲ್ಲಿ ಅದೇ ಕಥೆ ಮರುಕಳಿಸಿತು. ಬರ್ಲಿನ್ನಿನ ಫ್ಲೆಕ್ಸ್‌ಸ್ಟ್ರೋಮ್ ಎಂಬ ಸಂಸ್ಥೆ 2013ರ ಏಪ್ರಿಲ್ 12ರಂದು ದಿವಾಳಿ ಅರ್ಜಿ ಹಾಕಿತು. ಅದರದ್ದೂ ಮುಂಗಡದ ದರ, ಜೊತೆಗೆ ಹೊಸ ಗ್ರಾಹಕರಿಗೆ ಬೋನಸ್ಸಿನ ಆಸೆ. ವರ್ಷ ತುಂಬಿದ ಕೂಡಲೇ ಬಿಟ್ಟುಹೋದವರಿಗೆ ಬೋನಸ್ ಇಲ್ಲವೆಂದು ಸಂಸ್ಥೆ ವಾದಿಸುತ್ತಿತ್ತು. ಒಪ್ಪಂದದ ಆ ಷರತ್ತಿನ ಮೇಲೆ ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ ಗ್ರಾಹಕರ ಪರ ತೀರ್ಪು ಕೊಟ್ಟದ್ದು ದಿವಾಳಿ ಅರ್ಜಿಯ ಬೆನ್ನಿಗೇ, ಅದೇ ತಿಂಗಳಲ್ಲಿ. ಗೆದ್ದವರ ಕೈಗೆ ಬಂದದ್ದು ತೀರ್ಪಿನ ಪ್ರತಿಯೇ ಹೊರತು ಹಣವಲ್ಲ. ಈ ಸಂಸ್ಥೆಯ ಕುಸಿತದಲ್ಲಿ ಹಣ ಬರಬೇಕಾದವರ ಸಂಖ್ಯೆ 8 ಲಕ್ಷ ದಾಟಿತು. ಮಾರಾಟಗಾರನ ಆರ್ಥಿಕ ಸಾಮರ್ಥ್ಯವನ್ನು ಪರೀಕ್ಷಿಸಿ ವ್ಯವಹಾರ ತಡೆಯುವ ಅಧಿಕಾರ ಅಲ್ಲಿನ ನಿಯಂತ್ರಣ ಸಂಸ್ಥೆಗೆ ಕಾನೂನಿನಲ್ಲಿ ಇತ್ತು. ಇದ್ದ ಅಧಿಕಾರವನ್ನು ಸಕಾಲಕ್ಕೆ ಬಳಸದಿರುವುದು, ಅಧಿಕಾರವೇ ಇಲ್ಲದಿರುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ; ಏಕೆಂದರೆ ಯಾರೋ ನೋಡಿಕೊಳ್ಳುತ್ತಿದ್ದಾರೆಂಬ ನಂಬಿಕೆಯಿಂದ ಜನ ಎಚ್ಚರ ತಪ್ಪುತ್ತಾರೆ.

ಬ್ರಿಟನ್ನಿನಲ್ಲಿ ಗ್ರಾಹಕನ ಖಾತೆಯಲ್ಲಿ ಉಳಿದ ಹಣಕ್ಕೆ ರಕ್ಷಣೆಯಿದೆ. 2021ರಲ್ಲಿ ಅನಿಲದ ಬೆಲೆ ಏರಿದಾಗ ಅಲ್ಲಿ ಒಂದರ ಹಿಂದೊಂದು ಸಂಸ್ಥೆಗಳು ಬಿದ್ದವು, ಸುಮಾರು 17 ಲಕ್ಷ ಗ್ರಾಹಕರಿದ್ದ ಬಲ್ಬ್ ಎಂಬ ಸಂಸ್ಥೆಯೂ ನವೆಂಬರಿನಲ್ಲಿ ಸರ್ಕಾರದ ವಿಶೇಷ ಆಡಳಿತಕ್ಕೆ ಹೋಯಿತು. ಬಿದ್ದ ಸಂಸ್ಥೆಗಳ ಗ್ರಾಹಕರ ಉಳಿಕೆ ಹಣ ಸುರಕ್ಷಿತವಾಗಿತ್ತು, ಆದರೆ ಆ ಭಾರವನ್ನು ದೇಶದ ಎಲ್ಲ ಬಿಲ್ಲುಗಳ ಮೇಲೆ ಹಂಚಲಾಯಿತು. ಅಮೆರಿಕದ ಟೆಕ್ಸಾಸ್‌ನಲ್ಲಿ ಗ್ರಿಡ್ಡಿ ಎಂಬ ಸಂಸ್ಥೆಯದು ತಲೆಕೆಳಗಾದ ಮಾದರಿ. ತಿಂಗಳಿಗೆ 9.99 ಡಾಲರ್ ಶುಲ್ಕ ತೆಗೆದುಕೊಂಡು ಸಗಟು ದರವನ್ನು ಹಾಗೆಯೇ ಮನೆಗೆ ದಾಟಿಸುತ್ತಿತ್ತು. 2021ರ ಫೆಬ್ರವರಿಯ ಹಿಮಗಾಳಿಯಲ್ಲಿ ಸಗಟು ದರ ಯೂನಿಟ್ಟಿಗೆ 9 ಡಾಲರಿನ ಗರಿಷ್ಠ ಮಿತಿಗೆ ಏರಿ ದಿನಗಟ್ಟಲೆ ಅಲ್ಲೇ ನಿಂತಿತು; ಗ್ರಾಹಕರಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂತು, ಮರು ತಿಂಗಳೇ ಸಂಸ್ಥೆ ದಿವಾಳಿಯಾಯಿತು. ಜರ್ಮನಿಯಲ್ಲಿ ಗ್ರಾಹಕನ ಹಣ ಮುಳುಗಿತು, ಟೆಕ್ಸಾಸ್‌ನಲ್ಲಿ ಮಾರುಕಟ್ಟೆಯ ಅಪಾಯವೇ ಗ್ರಾಹಕನ ತಲೆಗೆ ಬಂತು. ಎರಡೂ ಕಡೆ ಅಗ್ಗದ ದರದ ಪಕ್ಕದಲ್ಲಿ ಆ ಅಪಾಯವನ್ನು ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದಿರಲಿಲ್ಲ.

ಪ್ರಶ್ನೆ: ನಮ್ಮದು ಎಚ್‌ಟಿ (ಅಧಿಕ ಒತ್ತಡದ) ಸಂಪರ್ಕವಿರುವ ಫೌಂಡ್ರಿ. ಹೆಸ್ಕಾಂ ದರಕ್ಕಿಂತ ಯೂನಿಟ್ಟಿಗೆ ಗಣನೀಯವಾಗಿ ಕಡಿಮೆಗೆ ಸೌರ ವಿದ್ಯುತ್ ಕೊಡಿಸುವುದಾಗಿ ಮಧ್ಯವರ್ತಿಯೊಬ್ಬರು ಬಂದಿದ್ದಾರೆ. ದೊಡ್ಡ ಮೊತ್ತವನ್ನು ಮೊದಲೇ ಕೇಳುತ್ತಿದ್ದಾರೆ. ನಂಬಬಹುದೇ?
– ಫೌಂಡ್ರಿ ಮಾಲೀಕರು, ಉದ್ಯಮಬಾಗ, ಬೆಳಗಾವಿ

ಉತ್ತರ: ಇಂಥ ಖರೀದಿ ಕಾನೂನುಬದ್ಧವೇ. 2003ರ ವಿದ್ಯುಚ್ಛಕ್ತಿ ಕಾಯ್ದೆಯು ಮುಕ್ತ ಪ್ರವೇಶಕ್ಕೆ, ಅಂದರೆ ದೊಡ್ಡ ಬಳಕೆದಾರರು ಬೇರೆಡೆಯಿಂದ ಕೊಂಡ ಕರೆಂಟನ್ನು ಹೆಸ್ಕಾಂ ತಂತಿಯ ಮೂಲಕ ತರಿಸಿಕೊಳ್ಳುವುದಕ್ಕೆ, ಅವಕಾಶ ಕೊಟ್ಟಿದೆ. ಹಸಿರು ವಿದ್ಯುತ್ತಿಗಾಗಿ 2022ರಲ್ಲಿ ಬಂದ ಕೇಂದ್ರದ ನಿಯಮಗಳು ಇದಕ್ಕೆ ಬೇಕಾದ ಕನಿಷ್ಠ ಹೊರೆಯ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿದ್ದವು. ಆದ್ದರಿಂದ ಪ್ರಸ್ತಾಪ ಬಂದ ಮಾತ್ರಕ್ಕೆ ಅದನ್ನು ಮೋಸವೆಂದು ನಾನು ಹೇಳುವುದಿಲ್ಲ. ಆದರೆ ಅವರು ಹೇಳುವ ದರ ಸ್ಥಾವರದ ಬಾಗಿಲಿನ ದರವೋ, ನಿಮ್ಮ ಮೀಟರಿಗೆ ಬಂದು ಮುಟ್ಟಿದ ದರವೋ ಎಂಬುದನ್ನು ಮೊದಲು ಲಿಖಿತವಾಗಿ ಪಡೆಯಿರಿ. ನಡುವೆ ಪ್ರಸರಣ ಶುಲ್ಕ, ವೀಲಿಂಗ್ ಶುಲ್ಕ (ಹೆಸ್ಕಾಂ ತಂತಿಯ ಬಾಡಿಗೆ), ದಾರಿಯ ನಷ್ಟ, ಅಡ್ಡ ಸಹಾಯಧನದ ಮೇಲ್ತೆರಿಗೆ (ಅಗ್ಗದ ದರದ ಬಳಕೆದಾರರ ಕೊರತೆ ತುಂಬಲು ದೊಡ್ಡ ಬಳಕೆದಾರರಿಂದ ಪಡೆಯುವ ಹಣ), ಹೆಚ್ಚುವರಿ ಮೇಲ್ತೆರಿಗೆ ಇವೆಲ್ಲ ಸೇರುತ್ತವೆ, ಮತ್ತು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆದೇಶದೊಂದಿಗೆ ಬದಲಾಗುತ್ತವೆ. ಹೆಸ್ಕಾಂನ ಬೇಡಿಕೆ ಶುಲ್ಕವೂ (ಸಂಪರ್ಕದ ಹೊರೆಯ ಮೇಲಿನ ನಿಗದಿತ ಶುಲ್ಕ) ನಿಮ್ಮ ಬಿಲ್ಲಿನಲ್ಲಿ ಉಳಿಯುತ್ತದೆ.

ಮೇಲ್ತೆರಿಗೆ ಬೀಳುವುದಿಲ್ಲವೆಂದು ಮಧ್ಯವರ್ತಿ ಹೇಳಿದರೆ, ಅವರು ಸಮೂಹ ಸ್ವಂತ-ಬಳಕೆ ಸ್ಥಾವರದ ಮಾತನಾಡುತ್ತಿದ್ದಾರೆಂದು ಅರ್ಥ. 2005ರ ನಿಯಮಗಳ ಪ್ರಕಾರ ಅಂಥ ಸ್ಥಾವರದಲ್ಲಿ ಬಳಕೆದಾರರ ಪಾಲುದಾರಿಕೆ ಕನಿಷ್ಠ 26 ಶೇಕಡಾ ಇರಬೇಕು, ವರ್ಷದ ಉತ್ಪಾದನೆಯ ಕನಿಷ್ಠ 51 ಶೇಕಡಾವನ್ನು ಅವರೇ ಬಳಸಬೇಕು. ಉಳಿದ ಪಾಲುದಾರರು ತಮ್ಮ ಪಾಲಿನಷ್ಟು ಬಳಸದೆ ವರ್ಷದ ಕೊನೆಯಲ್ಲಿ ಈ ಲೆಕ್ಕ ತಪ್ಪಿದರೆ, ನೀವು ನಿಮ್ಮ ಪಾಲನ್ನು ಸರಿಯಾಗಿ ಬಳಸಿದ್ದರೂ ಮೇಲ್ತೆರಿಗೆ ಹಿಂದಿನಿಂದ ಬರಬಹುದು. ಆಗ ಅದನ್ನು ಯಾರು ಭರಿಸಬೇಕೆಂಬ ಷರತ್ತು ಒಪ್ಪಂದದಲ್ಲಿ ಇದೆಯೇ ನೋಡಿ.

ಇನ್ನು ಮುಂಗಡ. ಪಾಲು ಬಂಡವಾಳವಾದರೆ ಷೇರು ಪ್ರಮಾಣಪತ್ರ ನಿಮ್ಮ ಹೆಸರಿಗೆ ಬರಬೇಕು, ಭದ್ರತಾ ಠೇವಣಿಯಾದರೆ ಅದಕ್ಕೆ ಪ್ರತಿಯಾಗಿ ಬ್ಯಾಂಕ್ ಗ್ಯಾರಂಟಿ ಬರಬೇಕು, ಮುಂದೆ ಬಳಸುವ ಕರೆಂಟಿನ ಬೆಲೆಯೆಂದು ಹೇಳಿದರೆ ಕೊಡಲೇಬೇಡಿ. ಕಂಪನಿಯ ಮೂರು ವರ್ಷಗಳ ಲೆಕ್ಕಪತ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಅಲ್ಪ ಶುಲ್ಕಕ್ಕೆ ಸಿಗುತ್ತದೆ. ನಿಮ್ಮ ಲೆಕ್ಕ ಪರಿಶೋಧಕರೊಂದಿಗೆ ಕುಳಿತು ಒಂದು ಮಧ್ಯಾಹ್ನ ಅದನ್ನು ಓದಿ. ಜರ್ಮನಿಯ ಆ 7 ಲಕ್ಷ ಮನೆಗಳಿಗೆ ಸಿಗದಿದ್ದ ಅನುಕೂಲ ನಿಮಗಿದೆ, ಅದನ್ನು ಬಿಟ್ಟುಕೊಡಬೇಡಿ.

ಪ್ರಶ್ನೆ: ನಮ್ಮ ಮನೆಗಳಿಗೂ ಖಾಸಗಿಯವರು ಕರೆಂಟು ಮಾರುವ ದಿನ ಬರುತ್ತದೆಯೇ? ಬಂದರೆ ಹೆಸ್ಕಾಂನಲ್ಲಿ ಇಟ್ಟಿರುವ ನಮ್ಮ ಠೇವಣಿ ಏನಾಗುತ್ತದೆ?
– ರೈತರು, ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ

ಉತ್ತರ: ಮುಂಬೈಯಲ್ಲಿ ಆ ದಿನ ಬಂದು ಬಹಳ ಕಾಲವಾಯಿತು. 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಅಲ್ಲಿನ ಉಪನಗರಗಳಲ್ಲಿ ಗ್ರಾಹಕರು ಎರಡು ಖಾಸಗಿ ಸಂಸ್ಥೆಗಳ ನಡುವೆ ಆಯ್ಕೆ ಮಾಡಿಕೊಳ್ಳುತ್ತ ಬಂದಿದ್ದಾರೆ. ದೇಶಕ್ಕೆಲ್ಲ ಅನ್ವಯಿಸುವ ತಿದ್ದುಪಡಿ ಮಸೂದೆ 2022ರ ಆಗಸ್ಟ್ 8ರಂದು ಲೋಕಸಭೆಯಲ್ಲಿ ಮಂಡನೆಯಾಗಿ ಸ್ಥಾಯಿ ಸಮಿತಿಗೆ ಹೋಯಿತು, ಕಾಯ್ದೆಯಾಗಲಿಲ್ಲ. 2025ರ ಅಕ್ಟೋಬರಿನಲ್ಲಿ ಕೇಂದ್ರ ಹೊಸ ಕರಡನ್ನು ಪ್ರಕಟಿಸಿತು. 2022ರ ಮಸೂದೆಯಲ್ಲಿ ನನಗೆ ಮೆಚ್ಚುಗೆಯಾದ ಒಂದು ಅಂಶವಿತ್ತು: ಒಂದೇ ಪ್ರದೇಶದಲ್ಲಿ ಹಲವು ಮಾರಾಟಗಾರರಿದ್ದರೆ ಆಯೋಗವು ಗರಿಷ್ಠ ದರದ ಜೊತೆಗೆ ಕನಿಷ್ಠ ದರವನ್ನೂ ಗೊತ್ತುಮಾಡಬೇಕು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಿ ಜನರನ್ನು ಸೆಳೆಯುವ ಆಟಕ್ಕೆ ಅಲ್ಲಿ ತಡೆಯಿರುತ್ತಿತ್ತು. ನನ್ನನ್ನು ಕಾಡುವ ಅಂಶವೂ ಇದೆ. ಲಾಭ ತರುವ ಕಾರ್ಖಾನೆ, ಅಂಗಡಿಗಳನ್ನು ಹೊಸಬರು ಸೆಳೆದುಕೊಂಡರೆ ಪಂಪ್‌ಸೆಟ್ಟು ಮತ್ತು ಬಡವರ ಮನೆಗಳ ಹೊಣೆ ಹೆಸ್ಕಾಂ ಒಂದರ ಮೇಲೆ ಉಳಿಯುತ್ತದೆ.

ನಿಮ್ಮ ಠೇವಣಿಯ ಬಗ್ಗೆ ಆತಂಕ ಬೇಡ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 47ನೆಯ ಕಲಮಿನಂತೆ ಅದು ನಿಮ್ಮದೇ ಹಣ, ಅದಕ್ಕೆ ಬ್ಯಾಂಕ್ ದರದಷ್ಟು ಅಥವಾ ಹೆಚ್ಚಿನ ಬಡ್ಡಿಯನ್ನು ಸಂಸ್ಥೆ ಕೊಡಬೇಕು, ಸಂಪರ್ಕ ಬಿಟ್ಟಾಗ ಮರಳಿಸಬೇಕು. ಬಡ್ಡಿ ಬಿಲ್ಲಿನಲ್ಲಿ ಜಮೆಯಾಗಿದೆಯೇ ಎಂದು ವರ್ಷಕ್ಕೊಮ್ಮೆ ನೋಡಿಕೊಳ್ಳಿ, ಆಗಿರದಿದ್ದರೆ ಉಪವಿಭಾಗದ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಮುಂದೆ ಖಾಸಗಿ ಮಾರಾಟಗಾರರು ಬಂದರೆ ಗ್ರಾಹಕರ ಠೇವಣಿ ಮತ್ತು ಮುಂಗಡವನ್ನು ಅವರ ವ್ಯವಹಾರದ ಹಣದೊಂದಿಗೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಇರಿಸಬೇಕೆಂಬ ಷರತ್ತನ್ನು ಈಗಿನಿಂದಲೇ ಕೇಳಬೇಕು. ಅದಕ್ಕೆ ವೇದಿಕೆಯೂ ಇದೆ: ಹೆಸ್ಕಾಂ ದರ ಪರಿಷ್ಕರಣೆಯ ಅರ್ಜಿ ಹಾಕಿದಾಗ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಯಾವ ಗ್ರಾಹಕನಾದರೂ ಕನ್ನಡದಲ್ಲೇ ಆಕ್ಷೇಪಣೆ ಬರೆದು ಕಳಿಸಬಹುದು, ವಿಚಾರಣೆಯ ದಿನ ಎದ್ದು ನಿಂತು ಮಾತನಾಡಬಹುದು.