‘ಎಂದರೆ ಸರಿಯಲ್ಲ’: ಓದುಗರ ಪ್ರಶ್ನೆ, ಕೋರ್ಟು ಟೈಪಿಸ್ಟಿನ ಉತ್ತರ

ಪ್ರಶ್ನೆ: ಸಾರ್, ಅಡಕೆ ಸುಲಿಯುವಾಗ ಮೊಬೈಲನ್ನು ಬುಟ್ಟಿಗೆ ಒರಗಿಸಿಟ್ಟು ‘ಫ್ರಾಸ್ಟ್/ನಿಕ್ಸನ್’ ಸಿನಿಮಾ ನೋಡಿದೆವು. ಮೆಟ್ಟುಗತ್ತಿ ಮುಂದೆ ಕೂತಿದ್ದ ಅಪ್ಪಯ್ಯ ‘ಟೀವಿ ಎದುರು ಕೂತು ಇಷ್ಟೆಲ್ಲ ಒಪ್ಪಿಕೊಳ್ಳೋ ರಾಜಕಾರಣಿ ಎಲ್ಲಾದ್ರೂ ಇರ್ತಾನಾ, ಎಲ್ಲ ಕಟ್ಟುಕತೆ’ ಅಂದರು. ನೀವು ಕೋರ್ಟಿನಲ್ಲಿದ್ದವರು, ಹೇಳಿ. (ತೀರ್ಥಹಳ್ಳಿ ಕಡೆಯ ಓದುಗರು)

ಉತ್ತರ: ಅಪ್ಪಯ್ಯನವರ ದಾವೆ ಭಾಗಶಃ ಡಿಕ್ರಿ!

ಮೊದಲು ನಡೆದದ್ದು. 1972ರ ಜೂನ್ 17ರ ನಸುಕಿನಲ್ಲಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದಲ್ಲಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದವರು ಸಿಕ್ಕಿಬಿದ್ದರು. ತಮ್ಮ ಕಡೆಯವರ ಆ ಕೆಲಸ ಮುಚ್ಚಿಹಾಕಲು ಹೋಗಿ ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ 1974ರ ಆಗಸ್ಟಿನಲ್ಲಿ ರಾಜೀನಾಮೆ ಕೊಟ್ಟರು. ತಿಂಗಳು ತುಂಬುವುದರೊಳಗೆ ಮುಂದಿನ ಅಧ್ಯಕ್ಷ ಫೋರ್ಡ್ ಕ್ಷಮಾದಾನ ಕೊಟ್ಟುಬಿಟ್ಟರು. ಆರೋಪಿ ಇದ್ದಾನೆ, ಕಟಕಟೆ ಇಲ್ಲ. ಆ ಕಟಕಟೆಯನ್ನು 1977ರಲ್ಲಿ ಇಂಗ್ಲೆಂಡಿನ ಟೀವಿ ನಿರೂಪಕ ಡೇವಿಡ್ ಫ್ರಾಸ್ಟ್ ಕ್ಯಾಲಿಫೋರ್ನಿಯಾದ ಯಾರದೋ ಮನೆಯ ಹಾಲಿನಲ್ಲಿ ಹಾಕಿದರು. ಹನ್ನೆರಡು ದಿನ, ಇಪ್ಪತ್ತೆಂಟೂಮುಕ್ಕಾಲು ಗಂಟೆ ಚಿತ್ರೀಕರಣ. ಪೀಟರ್ ಮಾರ್ಗನ್ ಇದನ್ನು ನಾಟಕ ಮಾಡಿದರು, 2008ರಲ್ಲಿ ರಾನ್ ಹೋವರ್ಡ್ ಸಿನಿಮಾ ಮಾಡಿದರು.

ಈಗ ಕಟ್ಟಿದ್ದು. ನಡುರಾತ್ರಿ ನಿಕ್ಸನ್ ಕುಡಿದು ಫ್ರಾಸ್ಟ್‌ಗೆ ಫೋನ್ ಮಾಡುವ ದೃಶ್ಯ ಪೂರಾ ಕಲ್ಪನೆ. ಅದನ್ನು ನಾನು ಮಾಫಿ ಮಾಡುತ್ತೇನೆ. ಯಕ್ಷಗಾನದಲ್ಲಿ ಪ್ರಸಂಗದ ಪುಸ್ತಕದಲ್ಲಿಲ್ಲದ ಮಾತನ್ನು ಅರ್ಥಧಾರಿ ಆಡುವುದಿಲ್ಲವೇ, ಹಾಗೆ. ಕಡೇ ಗಳಿಗೆಯಲ್ಲಿ ಫ್ರಾಸ್ಟ್ ತಂಡದ ಸಂಶೋಧಕ ರೆಸ್ಟನ್ ಹೊಸ ದಾಖಲೆ ಹುಡುಕಿ ತರುತ್ತಾರಲ್ಲ, ನಿಜದಲ್ಲಿ ಆ ಕಾಗದ ಅವರಿಗೆ ತಿಂಗಳುಗಳ ಮುಂಚೆಯೇ ಸಿಕ್ಕಿತ್ತು. ಎಲ್ಲಿ ಅಂತೀರಿ? ಕೋರ್ಟಿನ ಕಡತದಲ್ಲಿ! ರೆಕಾರ್ಡ್ ರೂಮಿನ ಬೂಷ್ಟು ಕುಡಿದವನಿಗೆ ಇದಕ್ಕಿಂತ ಸಂತೋಷದ ಸುದ್ದಿ ಇಲ್ಲ.

ಮಾಫಿ ಮಾಡಲಾಗದ್ದು ಒಂದಿದೆ. ‘ಅಧ್ಯಕ್ಷ ಮಾಡಿದ ಅಂದಮೇಲೆ ಅದು ಕಾನೂನುಬಾಹಿರ ಅಲ್ಲ’ ಎಂಬ ಮಾತು ನಿಕ್ಸನ್ ಆಡಿದ್ದೇ ಹೌದು, ಆದರೆ ವಾಟರ್‌ಗೇಟಿನ ಪ್ರಶ್ನೆಗಲ್ಲ. ವಿರೋಧಿಗಳ ಮೇಲೆ ಕದ್ದು ನಿಗಾ ಇಡುವ ಬೇರೊಂದು ಯೋಜನೆಯ ವಿಚಾರಕ್ಕೆ ಆಡಿದ್ದು. ಸಿನಿಮಾದವರು ಕಿತ್ತು ತಂದು ವಾಟರ್‌ಗೇಟಿನ ಬಿಸಿಗೆ ನೆಟ್ಟಿದ್ದಾರೆ. ಒಂದು ಪ್ರಶ್ನೆಯ ಉತ್ತರವನ್ನು ಇನ್ನೊಂದರ ಕೆಳಗೆ ನಾನು ಟೈಪ್ ಮಾಡಿದ್ದರೆ ಸಂಜೆಯೊಳಗೆ ಮೆಮೊ ಬರುತ್ತಿತ್ತು.

ಇನ್ನು ಒಪ್ಪಿಕೊಂಡದ್ದರ ವಿಷಯ. ಪಾಟೀಸವಾಲಿನ ಕೊನೆಯಲ್ಲಿ ನಮ್ಮ ವಕೀಲರು ‘ನೀವು ಸುಳ್ಳು ನುಡಿಯುತ್ತಿದ್ದೀರಿ’ ಎಂಬಂಥ ಒಂದೊಂದೇ ಸೂಚನೆ ಹಾಕುತ್ತಾರೆ, ಸಾಕ್ಷಿ ಅಲ್ಲಗಳೆದಂತೆಲ್ಲ ನಾವು ‘ನಾನು ಸುಳ್ಳು ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂದು ಬರೆಯುತ್ತೇವೆ. ಈ ‘ಎಂದರೆ ಸರಿಯಲ್ಲ’ವನ್ನು ಮೂವತ್ತೊಂದು ವರ್ಷ ಕುಟ್ಟಿದ್ದೇನೆ. ನಿಕ್ಸನ್ನರ ಹೇಳಿಕೆಯೂ ಅಷ್ಟೇ. ದೇಶಕ್ಕೆ, ಗೆಳೆಯರಿಗೆ ನಿರಾಸೆ ಮಾಡಿದೆ ಅಂದರು, ಕೆಲವು ಮಾತು ನಿಜವಾಗಿರಲಿಲ್ಲ ಅಂದರು. ಅಪರಾಧ ಮಾಡಿದಿರಿ, ಮುಚ್ಚಿಹಾಕಿದಿರಿ ಎಂಬಲ್ಲಿಗೆ ಬಂದಾಗ, ಸರಿಯಲ್ಲ. ಅಪ್ಪಯ್ಯನವರು ಅಷ್ಟರಮಟ್ಟಿಗೆ ಗೆದ್ದರು.

ಸಿನಿಮಾಕ್ಕಿಂತ ರುಚಿಯಾದ ನಿಜವೊಂದಿದೆ. ಸಿನಿಮಾದಲ್ಲಿ ನಿಕ್ಸನ್ನರ ಸಹಾಯಕ ಬ್ರೆನನ್ ನಡುವೆ ನುಗ್ಗಿ ಚಿತ್ರೀಕರಣ ನಿಲ್ಲಿಸುತ್ತಾನೆ. ನಿಜದಲ್ಲಿ ಆತ ಕ್ಯಾಮೆರಾದ ಹಿಂದೆ ನಿಂತು ಒಂದು ಕಾಗದ ಎತ್ತಿ ಹಿಡಿದಿದ್ದ: ‘ಅವರು ಮಾತಾಡಲಿ’. ಫ್ರಾಸ್ಟ್ ಅದನ್ನು ‘ನಾವು ಮಾತಾಡೋಣ’ ಎಂದು ಓದಿಕೊಂಡು ವಿರಾಮ ಘೋಷಿಸಿದರು. ಒಂದು ಪದ ತಪ್ಪು ಓದಿದ್ದಕ್ಕೆ ಇತಿಹಾಸಕ್ಕೆ ಟೀ ಬ್ರೇಕು.

ಪ್ರಶ್ನೆ: ಸಂದರ್ಶನಕ್ಕೆ ದುಡ್ಡು ಕೊಟ್ಟಿದ್ದರಂತೆ, ಅದು ಸರಿಯೇ? (ಸಾಗರದ ಓದುಗರು)

ಉತ್ತರ: ಆರು ಲಕ್ಷ ಡಾಲರ್, ಲಾಭದಲ್ಲಿ ಪಾಲು ಬೇರೆ. ನಮ್ಮಲ್ಲಿ ಸಾಕ್ಷಿಗೆ ಬತ್ತೆ ಅಂತ ಬಸ್ ಚಾರ್ಜು ಕೊಡುತ್ತಿದ್ದೆವು, ಅದಕ್ಕೂ ಸಹಿ ಹಾಕಿಸಿಕೊಂಡು! ಸರಿಯಲ್ಲ ಅಂತಲೇ ನನ್ನ ಅನಿಸಿಕೆ. ಆದರೆ ಬತ್ತೆ ಕೊಡದೇ ಇದ್ದರೆ ಆ ಸಾಕ್ಷಿ ಬರುತ್ತಲೇ ಇರಲಿಲ್ಲ.

ಪ್ರಶ್ನೆ: ನಮ್ಮ ದೇಶದಲ್ಲಿ ಅಧಿಕಾರ ಕಳೆದುಕೊಂಡವರು ಯಾಕೆ ಹೀಗೆ ಕೂತು ಉತ್ತರ ಕೊಡುವುದಿಲ್ಲ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿನಿ)

ಉತ್ತರ: ತಾರೀಕು ನೋಡಮ್ಮ. 1977ರ ಮಾರ್ಚ್ 21ಕ್ಕೆ ತುರ್ತುಪರಿಸ್ಥಿತಿ ಹೋಯಿತು, 22ಕ್ಕೆ ಸೋತ ಇಂದಿರಾ ಗಾಂಧಿ ರಾಜೀನಾಮೆ ಕೊಟ್ಟರು, 23ಕ್ಕೆ ಅತ್ತ ಫ್ರಾಸ್ಟ್ ಕ್ಯಾಮೆರಾ ಚಾಲೂ ಆಯಿತು. ನಾನಾಗ ನೆಹರೂ ರಸ್ತೆಯ ಟೈಪಿಂಗ್ ಕ್ಲಾಸಿನಲ್ಲಿ ಕೀಲಿ ಕುಟ್ಟುತ್ತಿದ್ದ ಹುಡುಗ. ಊರಲ್ಲಿ ಟೀವಿಯೇ ಇರಲಿಲ್ಲ, ರೇಡಿಯೊದಲ್ಲಿ ಕೇಳಿದ್ದೇ ಸುದ್ದಿ. 1978ರ ಜನವರಿಯಲ್ಲಿ, ತುರ್ತುಪರಿಸ್ಥಿತಿಯ ಅತಿರೇಕಗಳನ್ನು ವಿಚಾರಿಸುತ್ತಿದ್ದ ಷಾ ಆಯೋಗದ ಮುಂದೆ ಬಂದ ಇಂದಿರಾ, ಪ್ರಮಾಣ ಮಾಡಿ ಸಾಕ್ಷಿ ಹೇಳಲು ಒಪ್ಪಲಿಲ್ಲ. ಅದೇ ನವೆಂಬರಿನಲ್ಲಿ ಪಕ್ಕದ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಸಂಸತ್ತಿಗೆ ಹೋದರು. ಇಲ್ಲಿ ಕುರ್ಚಿ ಕಳಕೊಂಡವರು ಸಂದರ್ಶನ ಹುಡುಕುವುದಿಲ್ಲ, ಕ್ಷೇತ್ರ ಹುಡುಕುತ್ತಾರೆ. ನಿಕ್ಸನ್ನರಿಗೆ ಆ ದಾರಿ ಮುಚ್ಚಿತ್ತು. ಅಲ್ಲಿ ಎರಡು ಸಲ ಅಧ್ಯಕ್ಷರಾಗಿ ಗೆದ್ದವರು ಮೂರನೇ ಸಲ ಆಯ್ಕೆಯಾಗುವಂತಿಲ್ಲ. ಉಳಿದದ್ದು ಕ್ಯಾಮೆರಾ ಒಂದೇ.

ಪ್ರಶ್ನೆ: ನಿಕ್ಸನ್ ಪಾತ್ರಧಾರಿ ನೋಡಲು ನಿಕ್ಸನ್ ಥರ ಇಲ್ಲವೇ ಇಲ್ಲ. ಆದರೂ ಹೊಗಳುತ್ತಾರಲ್ಲ? (ಹೊಸನಗರದ ಓದುಗರು)

ಉತ್ತರ: ಇಲ್ಲ, ನಿಜ. ಫ್ರಾಂಕ್ ಲ್ಯಾಂಜೆಲಾ ಎತ್ತರದ ಆಳು, ದನಿಯೂ ಬೇರೆ. ಫ್ರಾಸ್ಟ್ ಪಾತ್ರದ ಮೈಕಲ್ ಶೀನ್ ಜೊತೆ ನಾಟಕದಲ್ಲೂ ಅದೇ ಪಾತ್ರ ಮಾಡಿ ಪಳಗಿದವರು. ಕೊನೆಯ ಪ್ರಶ್ನೆ ಬಿದ್ದ ಮೇಲೆ ಅವರು ಸುಮ್ಮನಿರುತ್ತಾರಲ್ಲ, ಆ ಮುಖ ನೋಡಿ.

ಒಂದು ಮಳೆಗಾಲ, ಜಮೀನಿನ ಗಡಿ ವ್ಯಾಜ್ಯ. ಕರಾರು ಪತ್ರ ತೋರಿಸಿ ವಕೀಲರು ಕೇಳಿದರು, ‘ಈ ಹೆಬ್ಬೆಟ್ಟು ನಿಮ್ಮ ತಾಯಿಯದ್ದೇ?’ ಮುದುಕ ಮಾತಾಡಲಿಲ್ಲ. ಕಾಗದ ನೋಡಿದ, ಆಮೇಲೆ ತನ್ನದೇ ಹೆಬ್ಬೆರಳು ನೋಡಿಕೊಂಡ. ಹೆಂಚಿನ ಮೇಲೆ ಮಳೆ ಹುಯ್ಯುತ್ತಿತ್ತು, ನನ್ನ ಬೆರಳು ಕೀಲಿಯ ಮೇಲೇ ಇತ್ತು. ಕೊನೆಗೆ ‘ಗೊತ್ತಿಲ್ಲ’ ಅಂದ. ಸಾಕ್ಷಿಯ ಹಾವಭಾವವನ್ನು ಬರೆಸಲು ನ್ಯಾಯಾಧೀಶರಿಗೆ ಕಾನೂನಿನಲ್ಲೇ ಅವಕಾಶ ಇದೆ, ಅವತ್ತು ಬರೆಸಲಿಲ್ಲ. ಹಾಳೆಯಲ್ಲಿ ಉಳಿದದ್ದು ಮೂರಕ್ಷರ, ಒಂದು ಪೂರ್ಣವಿರಾಮ.